ಹೃದಯ ಶಸ್ತ್ರಚಿಕಿತ್ಸೆಯ ಪದವಿಯಿಲ್ಲದ ಗುರು: ವಿವಿಯನ್ ಥಾಮಸ್

ಹತ್ತನೇ ತರಗತಿಯ ವಿಜ್ಞಾನದಲ್ಲಿ ಜೀವಕ್ರಿಯೆಗಳ ಅಧ್ಯಾಯ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಬಹಳ ಪ್ರಿಯವಾದದ್ದು. ಕಪ್ಪುಹಲಗೆಯ ಮೇಲೆ ಹೃದಯದ ನಾಲ್ಕು ಕೋಣೆಗಳನ್ನು ಬಿಡಿಸಿ, ಒಂದು ಬದಿಗೆ ನೀಲಿ ಸೀಮೆಸುಣ್ಣ, ಇನ್ನೊಂದು ಬದಿಗೆ ಕೆಂಪು ಸೀಮೆಸುಣ್ಣ ಬಳಸಿದರೆ ಪಾಠ ಅರ್ಧ ಮುಗಿದಂತೆಯೇ ಎಂಬ ಭಾವನೆ ನಮ್ಮಲ್ಲಿದೆ. ನೀಲಿ ಮತ್ತು ಕೆಂಪು ಏಕೆ ಬೇರೆಬೇರೆ ಇರಬೇಕು, ಬೆರೆತರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳುವುದು ಅಪರೂಪ. ಕೇಳಿದರೆ ಶಿಕ್ಷಕರು ಕಪ್ಪೆಯ ಮೂರು ಕೋಣೆಗಳ ಹೃದಯವನ್ನು ತೋರಿಸಿ ಮುಂದೆ ಹೋಗುತ್ತಾರೆ. ಆದರೆ ಮನುಷ್ಯರ ಮಕ್ಕಳಲ್ಲೇ ಈ ರಕ್ತ ಬೆರೆತು ಹುಟ್ಟುವವರಿದ್ದಾರೆ. ಅಂಥ ಮಕ್ಕಳನ್ನು ಉಳಿಸುವ ಮೊದಲ ದಾರಿಯನ್ನು ಪ್ರಯೋಗಾಲಯದಲ್ಲಿ ರೂಪಿಸಿ, ಆ ಕಾಲದ ಪ್ರಸಿದ್ಧ ಶಸ್ತ್ರವೈದ್ಯರಿಗೇ ಹೊಲಿಗೆ ಹಾಕುವುದನ್ನು ಕಲಿಸಿದ ವ್ಯಕ್ತಿ ವೈದ್ಯರಲ್ಲ. ಅವರು ಕಾಲೇಜಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. ಅವರ ಹೆಸರು ವಿವಿಯನ್ ಥಿಯೊಡೋರ್ ಥಾಮಸ್.

ಥಾಮಸ್ ಹುಟ್ಟಿದ್ದು 1910ರ ಆಗಸ್ಟ್‌ನಲ್ಲಿ, ಅಮೆರಿಕದ ಲೂಸಿಯಾನ ರಾಜ್ಯದಲ್ಲಿ. ಈ ಸಲ ಹೆಣ್ಣುಮಗುವೇ ಎಂದು ನಂಬಿದ್ದ ತಾಯಿ ಮೊದಲೇ ಒಂದು ಹೆಸರನ್ನು ಆರಿಸಿ ಇಟ್ಟಿದ್ದರಂತೆ. ಗಂಡು ಹುಟ್ಟಿದಾಗ ಹೆಸರು ಬದಲಾಗಲಿಲ್ಲ, ಕಾಗುಣಿತದಲ್ಲಿ ಒಂದಕ್ಷರ ಬದಲಾಯಿತು ಅಷ್ಟೆ. ಮಗು ಚಿಕ್ಕದಿರುವಾಗಲೇ ಕುಟುಂಬ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಬಂದು ನೆಲೆಸಿತು. ತಂದೆ ಬಡಗಿ. ಮಕ್ಕಳೆಲ್ಲ ಶಾಲೆ ಮುಗಿಸಿ ಬಂದು ತಂದೆಯ ಕೈಕೆಳಗೆ ಉಳಿ, ಗರಗಸ, ಅಳತೆಪಟ್ಟಿ ಹಿಡಿಯುತ್ತಿದ್ದರು. ಒಂದು ಹಲಗೆಯನ್ನು ಇನ್ನೊಂದಕ್ಕೆ ಸಂದು ಕಾಣದಂತೆ ಕೂಡಿಸುವುದು ಹೇಗೆಂದು ಥಾಮಸ್ ಹದಿಮೂರು ವರ್ಷದೊಳಗೇ ಕಲಿತಿದ್ದರು. ಮುಂದೆ ಅವರು ರಕ್ತನಾಳಗಳನ್ನು ಕೂಡಿಸಿದ್ದನ್ನು ಕಂಡವರು ಈ ಬಡಗಿತನವನ್ನು ನೆನೆದದ್ದು ಸಹಜವೇ.

ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯ ಮಕ್ಕಳಿಗೆ ಶಾಲೆಯೇ ಬೇರೆ. ನ್ಯಾಶ್‌ವಿಲ್‌ನ ಪರ್ಲ್ ಹೈಸ್ಕೂಲು ಅಂಥ ಶಾಲೆ; ಆದರೆ ಅದರ ಬೋಧನೆಯ ಮಟ್ಟ ಒಳ್ಳೆಯದಿತ್ತು. ಅಲ್ಲಿ 1929ರಲ್ಲಿ ಉತ್ತಮ ಅಂಕಗಳೊಂದಿಗೆ ಓದು ಮುಗಿಸಿದ ಥಾಮಸ್ ಅವರ ಗುರಿ ಖಚಿತವಾಗಿತ್ತು: ಕಾಲೇಜು ಸೇರಬೇಕು, ಆಮೇಲೆ ವೈದ್ಯನಾಗಬೇಕು. ಶುಲ್ಕಕ್ಕೆಂದು ಏಳು ವರ್ಷಗಳಿಂದ ಬಡಗಿ ಕೆಲಸದ ಕೂಲಿಯನ್ನು ಕೂಡಿಡುತ್ತ ಬಂದಿದ್ದರು. ಆ ವರ್ಷದ ಕೊನೆಗೆ ಷೇರುಪೇಟೆ ಕುಸಿಯಿತು, ಕೆಲಸ ಹೋಯಿತು. ಒಂದಷ್ಟು ತಿಂಗಳು ಪ್ರಯೋಗಾಲಯದಲ್ಲಿ ದುಡಿದು, ಕಾಲ ಸುಧಾರಿಸಿದ ಮೇಲೆ ಕಾಲೇಜಿಗೆ ಹೋದರಾಯಿತು ಎಂದುಕೊಂಡು, 1930ರ ಫೆಬ್ರವರಿಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಯುವ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಅವರ ಸಹಾಯಕನಾಗಿ ಸೇರಿದರು. ವಾರಕ್ಕೆ ಹನ್ನೆರಡು ಡಾಲರ್ ಸಂಬಳ. ಅದೇ ವರ್ಷ ಅವರ ಉಳಿತಾಯವಿದ್ದ ಬ್ಯಾಂಕು ಮುಳುಗಿತು. ಕಾಲೇಜಿನ ಹಣ ಅಲ್ಲಿಗೆ ಮುಗಿಯಿತು.

ಶಿಕ್ಷಕರಾಗುವವರು ಈ ಮೊದಲ ತಿಂಗಳುಗಳನ್ನು ನಿಧಾನವಾಗಿ ನೋಡಬೇಕು. ಬ್ಲೇಲಾಕ್ ಆಗ ಮೂವತ್ತೊಂದು ತುಂಬದ ತರುಣ, ಕೈತುಂಬ ಕೆಲಸ. ತನ್ನ ಕೆಲಸವನ್ನೆಲ್ಲ ಕಲಿತು, ತನಗೆ ಆಗದ್ದನ್ನೂ ಮುಂದೊಂದು ದಿನ ಮಾಡಬಲ್ಲ ಸಹಾಯಕ ಬೇಕೆಂಬುದು ಅವರ ಆಸೆ. ಬ್ಲೇಲಾಕ್ ಮತ್ತು ಅವರ ಸಂಶೋಧನಾ ಸಹಾಯಕ ಜೋಸೆಫ್ ಬಿಯರ್ಡ್ ಇಬ್ಬರೂ ಥಾಮಸ್‌ಗೆ ಅರಿವಳಿಕೆ ಕೊಡುವುದು, ರಕ್ತದೊತ್ತಡ ಅಳೆಯುವುದು, ನಾಳವನ್ನು ಬಿಡಿಸಿ ಕಟ್ಟುವುದು, ರಾಸಾಯನಿಕ ಪರೀಕ್ಷೆ ನಡೆಸುವುದು ಎಲ್ಲವನ್ನೂ ಮೇಜಿನ ಪಕ್ಕ ನಿಂತೇ ಹೇಳಿಕೊಟ್ಟರು. ಉಪನ್ಯಾಸವಿಲ್ಲ, ಪಠ್ಯಕ್ರಮವಿಲ್ಲ. ಮಾಡಿ ತೋರಿಸುವುದು, ಜೊತೆಗೆ ಮಾಡಿಸುವುದು, ಆಮೇಲೆ ಒಬ್ಬರನ್ನೇ ಬಿಟ್ಟು ನೋಡುವುದು. ನಾವು ಸೂಕ್ಷ್ಮ ಬೋಧನೆಯಲ್ಲಿ ಕೌಶಲವನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿಸುವ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ. ಕೆಲವೇ ವಾರಗಳಲ್ಲಿ ಹತ್ತೊಂಬತ್ತರ ಆ ಹುಡುಗ ನಾಯಿಗಳ ಮೇಲಿನ ಪ್ರಯೋಗಗಳನ್ನು ತಾನೇ ನಡೆಸುತ್ತಿದ್ದ. ಸಂಜೆ ಕುಳಿತು ಶರೀರಕ್ರಿಯಾಶಾಸ್ತ್ರದ ಪುಸ್ತಕಗಳನ್ನು ಓದುತ್ತಿದ್ದ.

ಇಬ್ಬರ ನಡುವೆ ಮೊದಮೊದಲಲ್ಲೇ ಒಂದು ಘರ್ಷಣೆಯೂ ಆಯಿತು. ಒಂದು ಪ್ರಯೋಗದಲ್ಲಿ ತಪ್ಪಾದಾಗ ಬ್ಲೇಲಾಕ್ ಕೆಟ್ಟ ಮಾತುಗಳಲ್ಲಿ ಕೂಗಾಡಿದರು. ಥಾಮಸ್ ಶಾಂತವಾಗಿ ಬಟ್ಟೆ ಬದಲಾಯಿಸಿ ಅವರ ಕೋಣೆಗೆ ಹೋಗಿ, ಇಂಥ ಮಾತು ಕೇಳಿ ಬೆಳೆದವನು ತಾನಲ್ಲ, ತಪ್ಪು ಮಾಡಿದಾಗಲೆಲ್ಲ ಇದೇ ನಡೆಯುವುದಾದರೆ ಕೆಲಸ ಬಿಟ್ಟು ಹೋಗುವೆನೆಂದು ತಿಳಿಸಿದರು. ಬ್ಲೇಲಾಕ್ ಕ್ಷಮೆ ಕೇಳಿದರು. ಆ ಪ್ರದೇಶದಲ್ಲಿ, ಆ ವರ್ಷಗಳಲ್ಲಿ, ಒಬ್ಬ ಬಿಳಿಯ ವೈದ್ಯ ಹತ್ತೊಂಬತ್ತರ ಕರಿಯ ಸಹಾಯಕನ ಕ್ಷಮೆ ಕೇಳಿದ್ದು ಚಿಕ್ಕ ಸಂಗತಿಯಲ್ಲ. ತಪ್ಪನ್ನು ತಿದ್ದುವ ರೀತಿಯೇ ಕಲಿಯುವವನನ್ನು ಉಳಿಸಿಕೊಳ್ಳುತ್ತದೆ ಅಥವಾ ಓಡಿಸುತ್ತದೆ ಎಂಬುದು ನಮ್ಮ ವೀಕ್ಷಣಾ ಪುಸ್ತಕಗಳಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬರೆಯುವ ಎಲ್ಲರಿಗೂ ಅನ್ವಯಿಸುತ್ತದೆ.

ಅವರಿಬ್ಬರು ಆ ದಶಕದಲ್ಲಿ ಹಿಡಿದ ಪ್ರಶ್ನೆ ಆಘಾತದ್ದು, ಅಂದರೆ ದೊಡ್ಡ ಗಾಯವಾದವರು ರಕ್ತದೊತ್ತಡ ಕುಸಿದು ಸಾಯುವ ಸ್ಥಿತಿಯದ್ದು. ಗಾಯಗೊಂಡ ಅಂಗಾಂಶದಿಂದ ಯಾವುದೋ ವಿಷ ಹೊರಟು ದೇಹವನ್ನು ಕೆಡಿಸುತ್ತದೆ ಎಂದು ಆಗ ಅನೇಕರು ನಂಬಿದ್ದರು. ನೂರಾರು ಪ್ರಯೋಗಗಳ ನಂತರ, ಕಾರಣ ವಿಷವಲ್ಲ, ರಕ್ತನಾಳಗಳಿಂದ ಹೊರಗೆ ಸೋರಿಹೋಗುವ ರಕ್ತ ಮತ್ತು ದ್ರವ ಎಂದು ಇವರು ತೋರಿಸಿದರು. ಹಾಗಿದ್ದರೆ ಚಿಕಿತ್ಸೆಯೂ ಸ್ಪಷ್ಟ: ಕಳೆದುಹೋದದ್ದನ್ನು ತುಂಬಬೇಕು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಪ್ಲಾಸ್ಮಾ ಮತ್ತು ರಕ್ತ ಕೊಟ್ಟು ಉಳಿಸಿದ್ದರ ಹಿಂದೆ ಈ ಕೆಲಸವಿತ್ತು. ಬ್ಲೇಲಾಕ್ ಅವರ ಹೆಸರು ಮೇಲೇರಿತು. ಥಾಮಸ್ ಅವರ ಹುದ್ದೆ ವಿಶ್ವವಿದ್ಯಾಲಯದ ಕಾಗದಗಳಲ್ಲಿ ಜಾಡಮಾಲಿ ಎಂದೇ ಇತ್ತು, ಸಂಬಳವೂ ಅದಕ್ಕೆ ತಕ್ಕಂತೆ. ಇದು ಅವರಿಗೆ ಗೊತ್ತಾದದ್ದು ವರ್ಷಗಳ ನಂತರ. ತಂತ್ರಜ್ಞರಿಗೆ ಸಲ್ಲುವ ಸಂಬಳ ಬೇಕೆಂದು ಕೇಳಿದರು, ಸಂಬಳ ಏರಿತು. ಕಾಗದದಲ್ಲಿ ಹುದ್ದೆಯ ಹೆಸರು ಬದಲಾಯಿತೋ ಇಲ್ಲವೋ ಅವರಿಗೆ ಯಾರೂ ಹೇಳಲಿಲ್ಲ.

ಈ ಸಂಬಳದ ವಿಷಯಕ್ಕೆ ಶಿಕ್ಷಕರು ತಿಳಿದಿರಬೇಕಾದ ಇನ್ನೊಂದು ಎಳೆಯಿದೆ. ಥಾಮಸ್ ಅವರ ಅಣ್ಣ ಹೆರಾಲ್ಡ್ ನ್ಯಾಶ್‌ವಿಲ್‌ನಲ್ಲಿ ಶಾಲಾ ಶಿಕ್ಷಕ. ಒಂದೇ ಅರ್ಹತೆ, ಒಂದೇ ಕೆಲಸವಿದ್ದರೂ ಕರಿಯ ಶಿಕ್ಷಕರಿಗೆ ಕಡಿಮೆ ಸಂಬಳ ಕೊಡುತ್ತಿದ್ದ ಪದ್ಧತಿಯ ವಿರುದ್ಧ ಅವರು ಶಿಕ್ಷಣ ಮಂಡಳಿಯ ಮೇಲೆ ಮೊಕದ್ದಮೆ ಹೂಡಿದರು, 1942ರಲ್ಲಿ ಗೆದ್ದರು. ತಮ್ಮ ಪ್ರಯೋಗಾಲಯದಲ್ಲಿ ಮೌನವಾಗಿ ಕೆಲಸ ಮಾಡಿದರು, ಅಣ್ಣ ನ್ಯಾಯಾಲಯಕ್ಕೆ ಹೋದರು. ಯಾರದು ಸರಿ ಎಂದು ತೀರ್ಪು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಬ್ಲೇಲಾಕ್ 1941ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ಥಾಮಸ್ ಜೊತೆಗೆ ಬರಬೇಕೆಂದು ಅವರು ಕೇಳಿಕೊಂಡರು. ಹೆಂಡತಿ ಕ್ಲಾರಾ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಥಾಮಸ್ ಹೊಸ ಊರಿಗೆ ಬಂದರು. ಬಾಡಿಗೆ ಮನೆ ಸಿಗುವುದೇ ಕಷ್ಟವಾಯಿತು. ಹಾಪ್ಕಿನ್ಸ್‌ನಲ್ಲಿ ಆಗ ಕರಿಯರಿದ್ದದ್ದು ಕಸ ಗುಡಿಸುವಂಥ ಕೆಲಸಗಳಲ್ಲಿ ಮಾತ್ರ. ಬಿಳಿ ಕೋಟು ತೊಟ್ಟ ಕರಿಯನೊಬ್ಬ ಹಜಾರದಲ್ಲಿ ನಡೆದುಹೋದರೆ ಜನ ನಿಂತು ನೋಡುತ್ತಿದ್ದರು.

ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್ ಅವರನ್ನು ಇಲ್ಲಿ ಪರಿಚಯಿಸಬೇಕು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಕ್ಕಳ ಎದೆಯ ಮೇಲೆ ಅಂಗೈಯಿಟ್ಟು ಹೃದಯದ ಬಡಿತವನ್ನು ಬೆರಳುಗಳಿಂದಲೇ ಗ್ರಹಿಸುತ್ತಿದ್ದರು. ಅವರ ಚಿಕಿತ್ಸಾಲಯಕ್ಕೆ ಬರುತ್ತಿದ್ದವರಲ್ಲಿ ನೀಲಿ ಶಿಶುಗಳೆಂದು ಕರೆಯಲ್ಪಡುತ್ತಿದ್ದ ಮಕ್ಕಳಿದ್ದರು. ತುಟಿ, ಉಗುರು, ಬೆರಳ ತುದಿಗಳೆಲ್ಲ ನೀಲಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕುಕ್ಕರಗಾಲಿನಲ್ಲಿ ಕುಳಿತುಬಿಡುವುದು. ಬಹುಪಾಲು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಿದ್ದರು.

ಪಾಠ ಮಾಡುವವರು ಈ ರೋಗವನ್ನು ಸ್ಪಷ್ಟವಾಗಿ ಅರಿತಿರುವುದು ಒಳ್ಳೆಯದು, ಏಕೆಂದರೆ ಇಮ್ಮಡಿ ಪರಿಚಲನೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಇಲ್ಲ. ಇದರ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಹೆಸರೇ ಹೇಳುವಂತೆ ಇದರಲ್ಲಿ ನಾಲ್ಕು ದೋಷಗಳು. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮಹಾಪಧಮನಿ ಎಡಗಡೆಯಿಂದ ಮಾತ್ರ ಹೊರಡುವ ಬದಲು ಆ ರಂಧ್ರದ ಮೇಲೇ ಕುಳಿತಿರುತ್ತದೆ. ಇಕ್ಕಟ್ಟಿನ ವಿರುದ್ಧ ತಳ್ಳಿ ತಳ್ಳಿ ಬಲ ಹೃತ್ಕುಕ್ಷಿಯ ಸ್ನಾಯು ದಪ್ಪವಾಗಿರುತ್ತದೆ. ಒಟ್ಟು ಪರಿಣಾಮವೆಂದರೆ, ಶ್ವಾಸಕೋಶಕ್ಕೆ ಹೋಗಬೇಕಾದ ಆಮ್ಲಜನಕ ಕಡಿಮೆಯಿರುವ ರಕ್ತ ಇಕ್ಕಟ್ಟಿನ ದಾರಿ ಬಿಟ್ಟು ರಂಧ್ರದ ಮೂಲಕ ಮಹಾಪಧಮನಿಗೆ ನುಗ್ಗಿ ಹಾಗೆಯೇ ಮೈಯೆಲ್ಲ ಹರಡುತ್ತದೆ. ಹಲಗೆಯ ಮೇಲೆ ಬಿಡಿಸಿದ ಚಿತ್ರದಲ್ಲಿ ನಡುಗೋಡೆಯನ್ನು ಬೆರಳಿಂದ ಒಂದಿಷ್ಟು ಒರೆಸಿ, ಈಗ ನೀಲಿ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನೇ ಕೇಳಿ ನೋಡಿ.

ಟಾಸಿಗ್ ಗಮನಿಸಿದ್ದ ಒಂದು ವಿಚಿತ್ರವಿತ್ತು. ಗರ್ಭದಲ್ಲಿರುವಾಗ ಎಲ್ಲ ಶಿಶುಗಳಲ್ಲೂ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳ ನಡುವೆ ಒಂದು ಕಿರುನಾಳವಿರುತ್ತದೆ; ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಕೆಲವು ನೀಲಿ ಶಿಶುಗಳಲ್ಲಿ ಅದು ತೆರೆದೇ ಉಳಿದಷ್ಟು ಕಾಲ ಮಗು ಚೆನ್ನಾಗಿರುತ್ತಿತ್ತು, ಮುಚ್ಚಿದ ಕೂಡಲೇ ಹದಗೆಡುತ್ತಿತ್ತು. ಹಾಗಾದರೆ ಅಂಥದೊಂದು ನಾಳವನ್ನು ಕೃತಕವಾಗಿ ಮಾಡಿಕೊಡಬಹುದಲ್ಲ ಎಂಬುದು ಅವರ ಯೋಚನೆ. ಮುಚ್ಚದೆ ಉಳಿದ ಈ ಕಿರುನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕಟ್ಟಿ ಮುಚ್ಚುವುದನ್ನು ಬೋಸ್ಟನ್‌ನ ರಾಬರ್ಟ್ ಗ್ರಾಸ್ 1938ರಲ್ಲಿ ಸಾಧಿಸಿದ್ದರು. ಮುಚ್ಚುವುದನ್ನು ಬಲ್ಲವರಿಗೆ ತೆರೆಯುವ ಯೋಚನೆಯಲ್ಲಿ ಆಸಕ್ತಿ ಹುಟ್ಟಲಿಲ್ಲ. ಟಾಸಿಗ್ 1943ರಲ್ಲಿ ಬ್ಲೇಲಾಕ್ ಮತ್ತು ಥಾಮಸ್ ಅವರ ಮುಂದೆ ಸಮಸ್ಯೆಯನ್ನು ಇಟ್ಟರು.

ಕೇಳುತ್ತಿದ್ದಂತೆ ಇಬ್ಬರಿಗೂ ಹಳೆಯದೊಂದು ನೆನಪಾಯಿತು. ವ್ಯಾಂಡರ್‌ಬಿಲ್ಟ್‌ನಲ್ಲಿ 1938ರ ಸುಮಾರಿಗೆ, ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಹೆಚ್ಚಿಸಿದರೆ ಏನಾಗುತ್ತದೆಂದು ನೋಡಲು, ತೋಳಿಗೆ ಹೋಗುವ ಅಪಧಮನಿಯನ್ನು ಕತ್ತರಿಸಿ ತಿರುಗಿಸಿ ಶ್ವಾಸಕೋಶದ ಅಪಧಮನಿಗೆ ಹೊಲಿದಿದ್ದರು. ನಿರೀಕ್ಷಿಸಿದಷ್ಟು ಒತ್ತಡ ಏರಲಿಲ್ಲ; ಪ್ರಯೋಗ ಸೋತಿತು. ಸೋತ ಪ್ರಯೋಗದ ದಾಖಲೆ ಮತ್ತು ಅದನ್ನು ಮಾಡಿದ ಕೈಗಳ ನೆನಪು ಉಳಿದಿದ್ದವು. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಕಳಿಸುವ ದಾರಿ ಅದೇ ಆಗಿತ್ತು.

ಆದರೆ ಆರೋಗ್ಯವಂತ ನಾಯಿಯಲ್ಲಿ ಸಾಧ್ಯವಾದದ್ದು ರೋಗಿ ಶಿಶುವಿಗೆ ಉಪಯೋಗವಾಗುತ್ತದೆಯೇ? ಇದನ್ನು ಕಂಡುಹಿಡಿಯುವ ಹೊಣೆ ಥಾಮಸ್ ಮೇಲೆ ಬಿತ್ತು. ಬ್ಲೇಲಾಕ್‌ಗೆ ಆಡಳಿತ, ಶಸ್ತ್ರಚಿಕಿತ್ಸೆ, ಯುದ್ಧಕಾಲದ ಹೊಣೆಗಳೇ ಸಾಕಷ್ಟಿದ್ದವು. ಥಾಮಸ್ ಮೊದಲು ಮಾಡಿದ ಕೆಲಸ ಚಾಕು ಹಿಡಿಯುವುದಲ್ಲ. ರೋಗಶಾಸ್ತ್ರ ವಿಭಾಗದ ಸಂಗ್ರಹದಲ್ಲಿ ಟಾಸಿಗ್ ಕಾಪಿಟ್ಟಿದ್ದ, ತೀರಿಹೋದ ಮಕ್ಕಳ ದೋಷಪೂರ್ಣ ಹೃದಯಗಳ ಮಾದರಿಗಳನ್ನು ಒಂದೊಂದಾಗಿ ನೋಡುತ್ತ ದಿನಗಟ್ಟಲೆ ಕುಳಿತರು. ನಾಲ್ಕು ದೋಷಗಳನ್ನೂ ನಾಯಿಯಲ್ಲಿ ಉಂಟುಮಾಡುವುದು ಅಸಾಧ್ಯ ಎಂದು ಅವರಿಗೆ ಅಲ್ಲೇ ಮನವರಿಕೆಯಾಯಿತು. ಹಾಗಾಗಿ ದೋಷವನ್ನಲ್ಲ, ಅದರ ಪರಿಣಾಮವನ್ನು, ಎಂದರೆ ರಕ್ತದಲ್ಲಿನ ಆಮ್ಲಜನಕದ ಕೊರತೆಯನ್ನು ಪ್ರಾಣಿಯಲ್ಲಿ ಉಂಟುಮಾಡಿ, ಆಮೇಲೆ ನಾಳ ಜೋಡಿಸಿ ಅದು ಸರಿಹೋಗುತ್ತದೆಯೇ ನೋಡುವ ವಿಧಾನವನ್ನು ರೂಪಿಸಿದರು. ಸುಮಾರು ಎರಡು ವರ್ಷ, ಇನ್ನೂರರಷ್ಟು ನಾಯಿಗಳು. ಇದನ್ನು ತರಗತಿಯಲ್ಲಿ ಹೇಳಿದರೆ ನಾಯಿಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಹೌದು, ಅನೇಕವು ಸತ್ತವು ಎಂದು ನೇರವಾಗಿ ಹೇಳುವುದೇ ಮೇಲು. ಬಹುಕಾಲ ಬದುಕಿದ ಮೊದಲನೆಯ ನಾಯಿ ಆ್ಯನಾ. ಅವಳ ಭಾವಚಿತ್ರವನ್ನು ಹಾಪ್ಕಿನ್ಸ್‌ನಲ್ಲಿ ತೂಗುಹಾಕಿದ್ದಾರೆ.

ಶಿಶುವಿನ ನಾಳಗಳಿಗೆ ಸರಿಹೊಂದುವ ಸೂಜಿ ಆಗ ಮಾರುಕಟ್ಟೆಯಲ್ಲಿರಲಿಲ್ಲ. ಇದ್ದ ಸೂಜಿಗಳನ್ನು ತುಂಡರಿಸಿ, ತುದಿಯನ್ನು ಮತ್ತೆ ಮಸೆದು, ಸಣ್ಣ ರೇಷ್ಮೆ ದಾರಕ್ಕೆ ಹೊಂದಿಸಿಕೊಂಡರು. ಬಡಗಿಯ ಮಗನಿಗೆ ಉಪಕರಣ ತಾನೇ ಮಾಡಿಕೊಳ್ಳುವುದು ಹೊಸದಲ್ಲ. ರಕ್ತ ಹರಿಯುವುದನ್ನು ತಡೆದು ಹಿಡಿಯುವ ಚಿಮಟಗಳನ್ನೂ ಪ್ರಾಣಿ ಪ್ರಯೋಗಾಲಯದಿಂದಲೇ ಶಸ್ತ್ರಕೋಣೆಗೆ ಒಯ್ಯಬೇಕಾಯಿತು.

ಬ್ಲೇಲಾಕ್ ಇನ್ನೂ ಕೆಲವು ಸಲ ನಾಯಿಗಳ ಮೇಲೆ ಅಭ್ಯಾಸ ಮಾಡುವವರಿದ್ದರು. ಅಷ್ಟರಲ್ಲಿ ಟಾಸಿಗ್ ಅವರ ಐಲೀನ್ ಎಂಬ ಹದಿನೈದು ತಿಂಗಳ ಮಗುವಿನ ಸ್ಥಿತಿ ಬಿಗಡಾಯಿಸಿತು. ತೂಕ ಸುಮಾರು ನಾಲ್ಕು ಕಿಲೋಗ್ರಾಂ ಮಾತ್ರ. 1944ರ ನವೆಂಬರ್ 29ರಂದು ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಆವರೆಗೆ ಬ್ಲೇಲಾಕ್ ಈ ಜೋಡಣೆಯನ್ನು ಮಾಡಿದ್ದು ಒಂದೇ ಸಲ, ಅದೂ ಥಾಮಸ್ ಅವರ ಸಹಾಯಕರಾಗಿ ನಿಂತು. ಥಾಮಸ್ ಅದನ್ನು ಬಹಳಷ್ಟು ಸಲ ಪೂರ್ತಿಯಾಗಿ ತಾವೇ ಮಾಡಿದ್ದರು.

ಆ ಬೆಳಿಗ್ಗೆ ಥಾಮಸ್ ಶಸ್ತ್ರಕೋಣೆಗೆ ಹೋಗುವ ಯೋಚನೆಯಲ್ಲಿರಲಿಲ್ಲ. ತಮ್ಮನ್ನು ಕಂಡರೆ ಬ್ಲೇಲಾಕ್ ಇನ್ನಷ್ಟು ಗಾಬರಿಯಾದಾರು ಎಂದುಕೊಂಡಿದ್ದರು. ಒಳಗಿನಿಂದ ಕರೆ ಬಂತು. ಮೇಜಿನ ಸುತ್ತ ವಿಲಿಯಂ ಲಾಂಗ್‌ಮೈರ್, ಡೆಂಟನ್ ಕೂಲಿ ಮೊದಲಾದ ತರುಣ ವೈದ್ಯರಿದ್ದರು, ಟಾಸಿಗ್ ಇದ್ದರು. ಬ್ಲೇಲಾಕ್ ತಮ್ಮ ಬೆನ್ನ ಹಿಂದೆಯೇ ಒಂದು ಮೆಟ್ಟಿಲು ಸ್ಟೂಲು ಇರಿಸಿ ಅದರ ಮೇಲೆ ಥಾಮಸ್ ನಿಲ್ಲಬೇಕೆಂದರು. ಅಲ್ಲಿಂದ ಅವರಿಗೆ ಬ್ಲೇಲಾಕ್ ಅವರ ಭುಜದ ಮೇಲಿಂದ ಮಗುವಿನ ಎದೆ ಕಾಣುತ್ತಿತ್ತು. ಮಗುವನ್ನು ಮುಟ್ಟುವ ಹಕ್ಕು ಅವರಿಗಿರಲಿಲ್ಲ. ನಾಳ ಸಾಕಷ್ಟು ಉದ್ದ ಸಿಕ್ಕಿತೇ, ಸೀಳು ಸಾಕೇ, ಹೊಲಿಗೆಗಳು ಹತ್ತಿರ ಬೀಳುತ್ತಿವೆಯೇ ಎಂದು ಬ್ಲೇಲಾಕ್ ಕೇಳುತ್ತ ಹೋದರು. ಥಾಮಸ್ ಮೆಲುದನಿಯಲ್ಲಿ ಉತ್ತರಿಸುತ್ತ, ಸೂಜಿ ತಪ್ಪು ದಿಕ್ಕಿನಲ್ಲಿ ಬಂದಾಗ ತಿದ್ದುತ್ತ ಹೋದರು.

ಅಭ್ಯಾಸ ಬೋಧನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಮಾರ್ಗದರ್ಶಕರನ್ನು ನೆನೆಯಿರಿ. ಬಾಯಿ ತೆರೆಯಬೇಕೋ ಬೇಡವೋ, ತೆರೆದರೆ ಎಷ್ಟು, ಮಕ್ಕಳ ಮುಂದೆ ಪ್ರಶಿಕ್ಷಣಾರ್ಥಿಯ ಧೈರ್ಯ ಕೆಡದಂತೆ ಹೇಗೆ ಎಂಬುದು ಅವರ ಕಷ್ಟ. ಥಾಮಸ್ ಅವರ ಕಷ್ಟ ಇನ್ನೂ ತಿರುವುಮುರುವು: ಕಲಿಯುತ್ತಿದ್ದವರು ಅವರ ಮೇಲಧಿಕಾರಿ, ಮತ್ತು ತಪ್ಪಾದರೆ ಪಾಠವನ್ನು ಮರುದಿನ ಮತ್ತೆ ತೆಗೆದುಕೊಳ್ಳುವಂತಿರಲಿಲ್ಲ.

ತೋಳಿಗೆ ಹೋಗುವ ಅಪಧಮನಿಯ ತುದಿಯನ್ನು ಶ್ವಾಸಕೋಶದ ಅಪಧಮನಿಯ ಪಕ್ಕಕ್ಕೆ ಹೊಲಿದು, ಹಿಡಿದಿದ್ದ ಚಿಮಟಗಳನ್ನು ಬಿಟ್ಟರು. ಒಮ್ಮೆ ಮಹಾಪಧಮನಿಗೆ ಹೋಗಿದ್ದ ರಕ್ತದ ಒಂದು ಪಾಲು ಈಗ ಮತ್ತೆ ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ತೆಗೆದುಕೊಳ್ಳತೊಡಗಿತು. ತೋಳು ಸಾಯುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ತೋಳಿಗೆ ರಕ್ತ ಒದಗಿಸುತ್ತವೆ. ಆ ಕೈಯಲ್ಲಿ ನಾಡಿ ಮಾತ್ರ ಸಿಗದೆ ಹೋಗಬಹುದು. ಇನ್ನೊಂದು ಮಾತನ್ನೂ ಪಾಠ ಯೋಜನೆಯಲ್ಲಿ ಬರೆದುಕೊಳ್ಳಿ: ಈ ಶಸ್ತ್ರಚಿಕಿತ್ಸೆ ಹೃದಯದ ರಂಧ್ರವನ್ನು ಮುಚ್ಚಲಿಲ್ಲ. ದೋಷವನ್ನು ಇದ್ದಲ್ಲೇ ಬಿಟ್ಟು ಪಕ್ಕದಲ್ಲೊಂದು ಕಾಲುವೆ ತೋಡಿತು.

ಐಲೀನ್ ಚೇತರಿಸಿಕೊಂಡು ಮನೆಗೆ ಹೋದಳು. ಕೆಲವು ತಿಂಗಳ ನಂತರ ಮತ್ತೆ ನೀಲಿಯಾದಳು. ಎರಡನೆಯ ಶಸ್ತ್ರಚಿಕಿತ್ಸೆ ಮಾಡಿದರೂ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಈ ಸಂಗತಿಯನ್ನು ಬಿಟ್ಟು ಗೆಲುವಿನ ಕಥೆ ಮಾತ್ರ ಹೇಳುವ ಚಾಳಿ ವಿಜ್ಞಾನದ ಪಾಠಗಳಲ್ಲಿದೆ, ಅದು ನನಗೆ ಸರಿಕಾಣದು. ನಂತರ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ, ಆಮೇಲೆ ಆರು ವರ್ಷದ ಹುಡುಗನಿಗೆ ಇದೇ ಶಸ್ತ್ರಚಿಕಿತ್ಸೆಯಾಯಿತು. ಆ ಹುಡುಗನ ಕಡುನೀಲಿ ತುಟಿಗಳು ಮೇಜಿನ ಮೇಲೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕೋಣೆಯಲ್ಲಿದ್ದವರೆಲ್ಲ ಕಂಡರು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1945ರ ಮೇ ತಿಂಗಳಲ್ಲಿ ವರದಿ ಬಂತು. ಲೇಖಕರು ಬ್ಲೇಲಾಕ್ ಮತ್ತು ಟಾಸಿಗ್. ಥಾಮಸ್ ಅವರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ದೇಶದ ಮೂಲೆಮೂಲೆಗಳಿಂದ, ಹೊರದೇಶಗಳಿಂದ ತಂದೆತಾಯಿಯರು ನೀಲಿ ಮಕ್ಕಳನ್ನು ಎತ್ತಿಕೊಂಡು ಬಾಲ್ಟಿಮೋರ್‌ಗೆ ಬಂದರು. ವರ್ಷದೊಳಗೆ ಇನ್ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಮೊದಲ ಹಲವಾರು ಸಲ ಬ್ಲೇಲಾಕ್ ಬೆನ್ನ ಹಿಂದೆ ಸ್ಟೂಲು ಇದ್ದೇ ಇತ್ತು. ಬೇರೆಯವರು ಆ ಜಾಗದಲ್ಲಿ ನಿಲ್ಲುವಂತಿರಲಿಲ್ಲ. ಬ್ಲೇಲಾಕ್ 1947ರಲ್ಲಿ ಲಂಡನ್, ಪ್ಯಾರಿಸ್‌ಗಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿ ಬಂದರು. ಆ ವರ್ಷಗಳಲ್ಲಿ ಥಾಮಸ್ ಕೈಖರ್ಚಿಗೆಂದು ಅದೇ ಬ್ಲೇಲಾಕ್ ಅವರ ಮನೆಯ ಔತಣಕೂಟಗಳಲ್ಲಿ ಪಾನೀಯ ಹಂಚುವ ಕೆಲಸ ಮಾಡುತ್ತಿದ್ದರು. ಹಗಲು ತಮ್ಮಿಂದ ಹೊಲಿಗೆ ಕಲಿತ ತರುಣ ವೈದ್ಯರ ಕೈಗೆ ಸಂಜೆ ಲೋಟ ಕೊಡುವುದು. ಈ ಸಂಬಳದಲ್ಲಿ ಸಂಸಾರ ನಡೆಯದು, ನ್ಯಾಶ್‌ವಿಲ್‌ಗೆ ಮರಳಿ ಬಡಗಿ ಕೆಲಸ ಹಿಡಿಯುತ್ತೇನೆ ಎಂದು ತಿಳಿಸಿದ ಮೇಲೆ, 1946ರ ಕೊನೆಗೆ, ಬ್ಲೇಲಾಕ್ ಆಡಳಿತದೊಂದಿಗೆ ಮಾತಾಡಿ ಸಂಬಳ ಗಣನೀಯವಾಗಿ ಹೆಚ್ಚಿಸಿದರು.

ಬ್ಲೇಲಾಕ್ ಅವರನ್ನು ಹೇಗೆ ಅಳೆಯುವುದು? ಥಾಮಸ್ ಇಲ್ಲದೆ ತಾವು ಹಾಪ್ಕಿನ್ಸ್‌ಗೆ ಬರಲಾರೆನೆಂಬಂತೆ ಅವರು ನಡೆದುಕೊಂಡರು, ಶಸ್ತ್ರಕೋಣೆಯಲ್ಲಿ ಎಲ್ಲರೆದುರು ಅವರ ಮಾತು ಕೇಳಿದರು. ಬರೆಯುವಾಗ, ಭಾಷಣ ಮಾಡುವಾಗ ಆ ಹೆಸರನ್ನು ಬಿಟ್ಟರು. ಎರಡೂ ನಿಜ.

ಕಾಲೇಜಿನ ಆಸೆ ಥಾಮಸ್ ಅವರನ್ನು ಬಿಟ್ಟಿರಲಿಲ್ಲ. ಬಾಲ್ಟಿಮೋರ್‌ನ ಮಾರ್ಗನ್ ಸ್ಟೇಟ್ ಕಾಲೇಜಿನಲ್ಲಿ 1947ರಲ್ಲಿ ವಿಚಾರಿಸಿದರು. ಪ್ರಯೋಗಾಲಯದ ಹದಿನೇಳು ವರ್ಷಗಳ ಅನುಭವಕ್ಕೆ ಅಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ ಸೇರಬೇಕು. ಲೆಕ್ಕ ಹಾಕಿದರೆ, ವೈದ್ಯನಾಗಿ ಹೊರಬರುವಾಗ ವಯಸ್ಸು ಐವತ್ತಾಗುತ್ತದೆ. ಅಲ್ಲಿಗೆ ಆ ಯೋಚನೆಯನ್ನು ಬಿಟ್ಟರು.

ಈ ನಡುವೆ ಅವರ ಇನ್ನೊಂದು ಸಾಧನೆ ನಡೆದಿತ್ತು. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳು ಅದಲುಬದಲಾಗಿ ಹುಟ್ಟುವ ಮಕ್ಕಳಲ್ಲಿ ಎರಡು ಪರಿಚಲನೆಗಳು ಸೇರುವುದೇ ಇಲ್ಲ. ಅಲ್ಲಿ ಬೇಕಾದದ್ದು ರಂಧ್ರ ಮುಚ್ಚುವುದಲ್ಲ, ಎರಡು ಹೃತ್ಕರ್ಣಗಳ ನಡುವೆ ರಂಧ್ರ ಮಾಡುವುದು. ಬಡಿಯುತ್ತಿರುವ ಹೃದಯವನ್ನು ನಿಲ್ಲಿಸದೆ ಅದನ್ನು ಮಾಡುವ ವಿಧಾನವನ್ನು ಥಾಮಸ್ 1946ರಲ್ಲಿ ಕಂಡುಕೊಂಡರು. ಆ ಕೆಲಸವನ್ನು ಪರೀಕ್ಷಿಸಿದ ಬ್ಲೇಲಾಕ್‌ಗೆ ಹೊಲಿಗೆಯ ಗುರುತೇ ಕಾಣಲಿಲ್ಲವಂತೆ, ಹುಟ್ಟಿನಿಂದಲೇ ಹಾಗಿತ್ತೇನೋ ಎಂಬಂತಿತ್ತಂತೆ. ಆ ಶಸ್ತ್ರಚಿಕಿತ್ಸೆಗೆ ಬ್ಲೇಲಾಕ್ ಮತ್ತು ಇನ್ನೊಬ್ಬ ವೈದ್ಯ ಹ್ಯಾನ್ಲನ್ ಅವರ ಹೆಸರು ನಿಂತಿತು.

ಥಾಮಸ್ ಅವರ ನಿಜವಾದ ವೃತ್ತಿ ಬೋಧನೆ ಎಂದು ನಾನು ತಿಳಿಯುವುದು ನಂತರದ ಮೂರು ದಶಕಗಳನ್ನು ನೋಡಿ. ಹಂಟೀರಿಯನ್ ಎಂಬ ಹೆಸರಿನ ಪ್ರಾಣಿ ಪ್ರಯೋಗಾಲಯವೇ ಅವರ ತರಗತಿ. ಮುಂದೆ ಅಮೆರಿಕದ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಿಭಾಗಗಳನ್ನು ನಡೆಸಿದ ಅನೇಕರು ಅಲ್ಲಿ ಅವರ ಎದುರು ನಿಂತು ಕಲಿತವರು. ಮೊದಲ ದಿನ ಶಸ್ತ್ರಕೋಣೆಯಲ್ಲಿದ್ದ ಕೂಲಿ ಮುಂದೆ ಹೂಸ್ಟನ್‌ನಲ್ಲಿ ಜಗತ್ತಿನ ಹೆಸರಾಂತ ಹೃದಯ ಶಸ್ತ್ರವೈದ್ಯರಾದರು. ಥಾಮಸ್ ಅವರ ಕೈಯಲ್ಲಿ ಒಂದು ಚಲನೆಯೂ ವ್ಯರ್ಥವಾಗುತ್ತಿರಲಿಲ್ಲ, ಕಷ್ಟದ ಕೆಲಸ ಸುಲಭವೆನಿಸುವಂತೆ ತೋರಿಸುತ್ತಿದ್ದರು ಎಂದು ಅವರು ನೆನಪಿಸಿಕೊಂಡಿದ್ದಾರೆ. ವೈದ್ಯರಿಗೆ ಮಾತ್ರವಲ್ಲ, ಪ್ರಯೋಗಾಲಯದ ಸಹಾಯಕರಾಗಿ ಬಂದ ಕರಿಯ ಯುವಕರಿಗೂ ಕಲಿಸಿದರು. ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ ಒಬ್ಬರು ಅವರ ಕೈಕೆಳಗೆ ಪಳಗಿ ಹೃದಯ ಶಸ್ತ್ರಚಿಕಿತ್ಸಾ ತಂಡದ ಸಹಾಯಕರಾದರು.

ಅಷ್ಟರಲ್ಲಿ ಹೃದಯ ಶಸ್ತ್ರಚಿಕಿತ್ಸೆ ಬಹಳ ಮುಂದೆ ಹೋಯಿತು. ಜಾನ್ ಗಿಬ್ಬನ್ 1953ರಲ್ಲಿ ಹೃದಯ ಮತ್ತು ಶ್ವಾಸಕೋಶ ಎರಡರ ಕೆಲಸವನ್ನೂ ಕೆಲಹೊತ್ತು ಮಾಡುವ ಯಂತ್ರ ಬಳಸಿ ಯಶಸ್ವಿಯಾದರು. ಮರುವರ್ಷ ಮಿನೆಸೋಟದಲ್ಲಿ ವಾಲ್ಟನ್ ಲಿಲಿಹೈ ಟೆಟ್ರಾಲಜಿಯ ರಂಧ್ರವನ್ನೇ ಮುಚ್ಚಿ ಪೂರ್ತಿ ಸರಿಪಡಿಸಿದರು. ಥಾಮಸ್ ಅವರ ಪಕ್ಕದ ಕಾಲುವೆ ಹಳತಾಯಿತೇ? ಇಲ್ಲ. ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದ ಪುಟ್ಟ ಶಿಶುಗಳಿಗೆ ಮೊದಲ ಹಂತವಾಗಿ ಅದು ಇಂದಿಗೂ ಬಳಕೆಯಲ್ಲಿದೆ. ಈಗ ತೋಳಿನ ಅಪಧಮನಿಯನ್ನು ಕತ್ತರಿಸುವ ಬದಲು ನಡುವೆ ಸಣ್ಣದೊಂದು ಕೃತಕ ನಳಿಕೆ ಜೋಡಿಸುತ್ತಾರೆ.

ಬ್ಲೇಲಾಕ್ 1964ರಲ್ಲಿ ತೀರಿಕೊಂಡರು. ಥಾಮಸ್ ಇನ್ನೂ ಹದಿನೈದು ವರ್ಷ ಹಾಪ್ಕಿನ್ಸ್‌ನಲ್ಲಿ ಶಸ್ತ್ರಚಿಕಿತ್ಸಾ ಸಂಶೋಧನಾಲಯಗಳ ಮೇಲ್ವಿಚಾರಕರಾಗಿದ್ದರು. ಹಳೆಯ ಶಿಷ್ಯರೆಲ್ಲ ಹಣ ಕೂಡಿಸಿ ಅವರ ತೈಲಚಿತ್ರ ಬರೆಸಿ 1971ರಲ್ಲಿ ಅರ್ಪಿಸಿದರು. ಅದನ್ನು ಬ್ಲೇಲಾಕ್ ಅವರ ಚಿತ್ರದ ಬಳಿಯಲ್ಲೇ ತೂಗುಹಾಕಲಾಯಿತು. ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ನಿಯಮಗಳ ತೊಡಕಿನಿಂದಾಗಿ ಅದು ವೈದ್ಯಶಾಸ್ತ್ರದ್ದಲ್ಲ, ಕಾನೂನಿನ ಡಾಕ್ಟರೇಟ್. ಆದರೂ ಶಿಷ್ಯರು ಅಂದಿನಿಂದ ಅವರನ್ನು ಡಾಕ್ಟರ್ ಎಂದು ಕರೆಯಬಹುದಾಯಿತು. ಮೂವತ್ತೈದು ವರ್ಷ ಅಲ್ಲಿ ಪಾಠ ಹೇಳಿದ ಮೇಲೆ, ಶಸ್ತ್ರಚಿಕಿತ್ಸಾ ವಿಭಾಗದ ಬೋಧಕ ಎಂಬ ಹುದ್ದೆಯೂ ಸಿಕ್ಕಿತು.

ಅವರ ನಿವೃತ್ತಿ 1979ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ, ಅವರನ್ನು ಗುರುವಾಗಿ ಕಂಡ ಕರಿಯ ಶಸ್ತ್ರವೈದ್ಯ ಲೀವೈ ವಾಟ್ಕಿನ್ಸ್, ಹೃದಯದ ತಾಳ ತಪ್ಪಿದಾಗ ತಾನಾಗಿ ವಿದ್ಯುತ್ ಕೊಟ್ಟು ಸರಿಪಡಿಸುವ ಉಪಕರಣವನ್ನು ಮೊಟ್ಟಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಅದೇ ಹಾಪ್ಕಿನ್ಸ್‌ನಲ್ಲಿ ಅಳವಡಿಸಿದರು. ಥಾಮಸ್ ಮನೆಯಲ್ಲಿ ಕುಳಿತು ಆತ್ಮಕಥೆ ಬರೆಯತೊಡಗಿದ್ದರು. ದೂರು ಕಡಿಮೆ, ಪ್ರಯೋಗಗಳ ವಿವರ ಹೆಚ್ಚು ಇರುವ ಪುಸ್ತಕ ಅದು. 1985ರ ನವೆಂಬರ್ 26ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲವೇ ದಿನಗಳಲ್ಲಿ ಪುಸ್ತಕ ಅಚ್ಚಾಗಿ ಬಂತು. ಬಹುಕಾಲ ಇಬ್ಬರ ಹೆಸರಿನಲ್ಲೇ ಇದ್ದ ಆ ನಾಳಜೋಡಣೆಯನ್ನು ಈಗ ಅನೇಕ ವೈದ್ಯರು ಬ್ಲೇಲಾಕ್–ಥಾಮಸ್–ಟಾಸಿಗ್ ಎಂದು ಬರೆಯುತ್ತಾರೆ.